ಎಥೆನಾಲ್‌ಗೆ ಸರ್ಕಾರದ ನೆರವು: ಲಾಭ, ವೆಚ್ಚ ಮತ್ತು ನೀರಿನ ಲೆಕ್ಕ

ಪೆಟ್ರೋಲ್‌ಗೆ ಎಥೆನಾಲ್ ಬೆರೆಸುವ ಕಾರ್ಯಕ್ರಮವು 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ 9 ರಾಜ್ಯಗಳಲ್ಲಿ ಆರಂಭವಾಯಿತು. 2013-14ರಲ್ಲಿ ಮಿಶ್ರಣದ ಪ್ರಮಾಣ ಶೇ. 1.53 ಮಾತ್ರ ಇತ್ತು. ಅದು 2022ರ ಜೂನ್‌ನಲ್ಲಿ ಶೇ. 10ಕ್ಕೂ, 2025ರಲ್ಲಿ ಶೇ. 20ಕ್ಕೂ ತಲುಪಿತು. ಈ ವೇಗದ ಹಿಂದೆ ಸರ್ಕಾರದ ನೆರವಿದೆ. ಆ ನೆರವಿನ ಫಲ ಯಾರಿಗೆ, ಹೊರೆ ಯಾರಿಗೆ ಎಂಬುದು ಕಬ್ಬು ಬೆಳೆಯುವ ಜಿಲ್ಲೆಗಳ ಪಂಚಾಯತಿಗಳು ಅರಿಯಬೇಕಾದ ವಿಷಯ.

1. ನೆರವಿನ ಸ್ವರೂಪ

ನೆರವು ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು ನಿಗದಿತ ಖರೀದಿ ದರ. 2024-25ನೇ ಸಾಲಿನಲ್ಲಿ ಸಕ್ಕರೆ ತೆಗೆದ ಬಳಿಕ ಕೊನೆಗೆ ಉಳಿಯುವ ಸಿ ದರ್ಜೆಯ ಕಾಕಂಬಿಯ ಎಥೆನಾಲ್‌ಗೆ ಲೀಟರಿಗೆ ರೂ. 57.97, ಬಿ ದರ್ಜೆಯ ಕಾಕಂಬಿಯದಕ್ಕೆ ರೂ. 60.73, ಕಬ್ಬಿನ ರಸದಿಂದ ನೇರವಾಗಿ ತಯಾರಿಸಿದ್ದಕ್ಕೆ ರೂ. 65.61 ಹಾಗೂ ಮೆಕ್ಕೆಜೋಳದ್ದಕ್ಕೆ ರೂ. 71.86 ನಿಗದಿಯಾಗಿತ್ತು. ಎರಡನೆಯದು 2018ರಿಂದ ಜಾರಿಗೊಂಡ ಬಡ್ಡಿ ಸಹಾಯಧನ. ಘಟಕ ಸ್ಥಾಪನೆಯ ಸಾಲಕ್ಕೆ ವಾರ್ಷಿಕ ಶೇ. 6 ಅಥವಾ ಬ್ಯಾಂಕಿನ ಬಡ್ಡಿಯ ಅರ್ಧ, ಇವೆರಡರಲ್ಲಿ ಕಡಿಮೆಯಾದುದನ್ನು ಐದು ವರ್ಷ ಸರ್ಕಾರ ಭರಿಸುತ್ತದೆ. ಮೂರನೆಯದು ತೆರಿಗೆ ಕಡಿತ. ಮಿಶ್ರಣದ ಎಥೆನಾಲ್ ಮೇಲಿನ ಜಿಎಸ್‌ಟಿಯನ್ನು ಶೇ. 18ರಿಂದ 5ಕ್ಕೆ ಇಳಿಸಲಾಗಿದೆ.

2. ನೆರವಿನ ಪರವಾದ ವಾದ

ದೇಶವು ತನಗೆ ಬೇಕಾದ ಕಚ್ಚಾತೈಲದ ಶೇ. 85ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. ಎಥೆನಾಲ್‌ನಿಂದ ಅಷ್ಟರಮಟ್ಟಿಗೆ ವಿದೇಶಿ ವಿನಿಮಯ ಉಳಿಯುತ್ತದೆ. ಇನ್ನೊಂದು ಕಾರಣ ರೈತರ ಬಾಕಿ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಶೇ. 15 ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸಿದೆ. ಆದರೂ ಸಕ್ಕರೆ ಗೋದಾಮಿನಲ್ಲಿ ಉಳಿದ ವರ್ಷಗಳಲ್ಲಿ ರೈತರು ತಿಂಗಳುಗಟ್ಟಲೆ ಕಾಯಬೇಕಾಗಿ ಬಂದಿದೆ. ಎಥೆನಾಲ್‌ಗೆ ಖಚಿತ ಖರೀದಿದಾರರಿರುವುದರಿಂದ ಕಾರ್ಖಾನೆಗೆ ಹಣ ಬೇಗ ಬರುತ್ತದೆ.

3. ಆಕ್ಷೇಪಗಳು

ಒಂದು ಲೀಟರ್ ಎಥೆನಾಲ್‌ನ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನ ಸುಮಾರು ಮೂರನೇ ಎರಡು ಭಾಗ ಮಾತ್ರ. ಆದ್ದರಿಂದ ಮಿಶ್ರಣ ಹೆಚ್ಚಿದಂತೆ ಮೈಲೇಜು ಸ್ವಲ್ಪ ಕುಗ್ಗುತ್ತದೆ. ಮೆಕ್ಕೆಜೋಳ ಇಂಧನಕ್ಕೆ ಹೋದರೆ ಕೋಳಿ ಸಾಕಾಣಿಕೆದಾರರಿಗೆ ಮೇವಿನ ವೆಚ್ಚ ಏರುತ್ತದೆ. ಕಬ್ಬಿನ ಕನಿಷ್ಠ ದರ ಸಕ್ಕರೆ ಇಳುವರಿಯ ಆಧಾರದಲ್ಲಿ ನಿಗದಿಯಾಗುವುದರಿಂದ, ಎಥೆನಾಲ್ ದರ ಏರಿದ ಮಾತ್ರಕ್ಕೆ ರೈತನ ದರ ತಾನಾಗಿ ಏರುವುದಿಲ್ಲ. ನೀತಿಯೂ ಸ್ಥಿರವಾಗಿಲ್ಲ. ಸಕ್ಕರೆ ಕೊರತೆಯ ಭಯದಿಂದ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸ ಬಳಸದಂತೆ ಹಠಾತ್ತನೆ ನಿರ್ಬಂಧಿಸಲಾಯಿತು. ಕೆಲವೇ ದಿನಗಳಲ್ಲಿ ಅದನ್ನು ಭಾಗಶಃ ಸಡಿಲಿಸಿ, ಮರುವರ್ಷ ತೆರವುಗೊಳಿಸಲಾಯಿತು.

4. ನೀರಿನ ಲೆಕ್ಕ

ನೀತಿ ಆಯೋಗದ 2021ರ ಮಾರ್ಗಸೂಚಿ ವರದಿಯ ಅಂದಾಜಿನಂತೆ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕು. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸಬೇಕೆನ್ನುತ್ತದೆ. ಆ ಪ್ರಮಾಣದಲ್ಲಿ ಇದು ಒಬ್ಬ ವ್ಯಕ್ತಿಯ 52 ದಿನಗಳ ನೀರು.

ಈ ಅಂಕಿಯನ್ನು ವಿವೇಚನೆಯಿಂದ ಓದಬೇಕು. ಇದರ ಬಹುಪಾಲು ಬೆಳೆಗೆ ಬೇಕಾದ ನೀರು. ಅದರಲ್ಲಿ ಮಳೆಯ ನೀರೂ ಸೇರುತ್ತದೆ. ಸಕ್ಕರೆಗಾಗಿಯೇ ಬೆಳೆದ ಕಬ್ಬಿನ ಕೊನೆಯ ಕಾಕಂಬಿಯಿಂದ ಎಥೆನಾಲ್ ತಯಾರಿಸಿದರೆ ಹೊಸ ನೀರಿನ ಹೊರೆ ಅಲ್ಪ. ಎಥೆನಾಲ್‌ಗೆಂದೇ ಕಬ್ಬಿನ ಪ್ರದೇಶ ವಿಸ್ತರಿಸಿ, ಕೊಳವೆಬಾವಿಯಿಂದ ನೀರು ಹಾಯಿಸಿದರೆ ಹೊರೆ ಪೂರ್ತಿ ಅಂತರ್ಜಲದ ಮೇಲೆ ಬೀಳುತ್ತದೆ. ಆದರೆ ಖರೀದಿ ದರದಲ್ಲಿ ಈ ವ್ಯತ್ಯಾಸಕ್ಕೆ ಸ್ಥಾನವಿಲ್ಲ. ಕೊನೆಯ ಕಾಕಂಬಿಗಿಂತ ರಸಕ್ಕೇ ದರ ಹೆಚ್ಚು. ಖಜಾನೆಯಿಂದ ಹೋಗುವ ನೆರವು ಲೆಕ್ಕಪತ್ರದಲ್ಲಿ ಕಾಣುತ್ತದೆ. ಊರಿನ ಬಾವಿಯಿಂದ ಹೋಗುವ ನೆರವು ಎಲ್ಲಿಯೂ ದಾಖಲಾಗುವುದಿಲ್ಲ.

5. ಪಂಚಾಯತಿಗಳ ಚರ್ಚೆಗೆ

ಸಂವಿಧಾನದ 11ನೇ ಅನುಸೂಚಿಯಲ್ಲಿ ಕುಡಿಯುವ ನೀರು, ಸಣ್ಣ ನೀರಾವರಿ ಮತ್ತು ಜಲ ನಿರ್ವಹಣೆ ಪಂಚಾಯತಿಗಳ ವಿಷಯಗಳಾಗಿವೆ. ಎಥೆನಾಲ್ ದರ ನಿರ್ಧಾರ ಅವುಗಳ ಕೈಯಲ್ಲಿಲ್ಲದಿದ್ದರೂ ನೀರಿನ ಲೆಕ್ಕ ಇಡುವುದು ಸಾಧ್ಯ. ಗ್ರಾಮಸಭೆಗಳಲ್ಲಿ ಈ ಅಂಶಗಳನ್ನು ಚರ್ಚಿಸಬಹುದು:

ಅ) ಕಳೆದ ಐದು ವರ್ಷಗಳಲ್ಲಿ ಗ್ರಾಮದ ಕಬ್ಬಿನ ಕ್ಷೇತ್ರ ಎಷ್ಟು ಹೆಚ್ಚಿದೆ?
ಆ) ಅದೇ ಅವಧಿಯಲ್ಲಿ ಬೇಸಿಗೆಯಲ್ಲಿ ಬತ್ತಿದ ಕುಡಿಯುವ ನೀರಿನ ಕೊಳವೆಬಾವಿಗಳು ಎಷ್ಟು?
ಇ) ಹನಿ ನೀರಾವರಿ ಅಳವಡಿಸಿದ ಕಬ್ಬಿನ ಪ್ರದೇಶ ಎಷ್ಟು?
ಈ) ಬೆಳೆಗಾರರಿಗೆ ಹಣ 14 ದಿನಗಳೊಳಗೆ ತಲುಪುತ್ತಿದೆಯೇ?

ಈ ನಾಲ್ಕು ಪ್ರಶ್ನೆಗಳ ಉತ್ತರ ಕೈಯಲ್ಲಿದ್ದರೆ, ನೆರವು ಬೇಕೇ ಬೇಡವೇ ಎಂಬ ವಾದವು ಯಾವ ಎಥೆನಾಲ್‌ಗೆ, ಯಾವ ಷರತ್ತಿನ ಮೇಲೆ ನೆರವು ಎಂಬ ಪ್ರಯೋಜನಕರ ಚರ್ಚೆಯಾಗಿ ಮುಂದುವರಿಯಬಲ್ಲದು.