ಹಲವು ಕೈಗಳ ಪುಸ್ತಕಕ್ಕೆ ಒಂದು ಕ್ರಮ

ನಿಮ್ಮ ಬಸವನಗುಡಿಯ ಮನೆಯ ಬೀರುವಿನಲ್ಲೋ, ಪಕ್ಕದ ರಸ್ತೆಯ ವಾಚನಾಲಯದಲ್ಲೋ ಹಳೆಯ ಕನ್ನಡ ಪುಸ್ತಕವೊಂದು ಇದೆ ಎಂದುಕೊಳ್ಳಿ. ಅದು ಮತ್ತೆ ಅಚ್ಚಾಗಿಲ್ಲ. ಅದನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ಓದುವಂತೆ, ಅದರೊಳಗಿನ ಮಾತನ್ನು ಹುಡುಕುವಂತೆ ಮಾಡಬೇಕೆಂಬ ಆಸೆ ನಿಮಗಿದೆ. ಒಬ್ಬರೇ ಇಡೀ ಪುಸ್ತಕವನ್ನು ಬೆರಳಚ್ಚು ಮಾಡುವುದು ಕಷ್ಟ. ನಾಲ್ಕು ಮಂದಿ ಗೆಳೆಯರನ್ನು ಕರೆದುಕೊಳ್ಳುತ್ತೀರಿ. ಆಗ ಹೊಸ ಪ್ರಶ್ನೆಗಳು ಏಳುತ್ತವೆ. ಯಾವ ಪುಟವನ್ನು ಯಾರು ಮಾಡಬೇಕು? ಮಾಡಿದ್ದು ಸರಿಯಾಗಿದೆ ಎಂದು ಯಾರು ಹೇಳಬೇಕು? ಇಬ್ಬರಿಗೆ ಅಭಿಪ್ರಾಯ ಭೇದ ಬಂದರೆ ಯಾರ ಮಾತು ನಡೆಯಬೇಕು? ಈ ಲೇಖನದಲ್ಲಿ ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ. ನಿಮಗೆ ಕಂಪ್ಯೂಟರ್ ಪರಿಣತಿ ಬೇಕಾಗಿಲ್ಲ. ಕುತೂಹಲವಿದ್ದರೆ ಸಾಕು.

ಮೊದಲು ಮೂರು ಮಾತುಗಳ ಅರ್ಥವನ್ನು ಗಟ್ಟಿ ಮಾಡಿಕೊಳ್ಳೋಣ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಕೃತಿಯನ್ನು ಮುಕ್ತ ಕೃತಿ ಎನ್ನುತ್ತೇವೆ. ಅದು ತಂತ್ರಾಂಶವಾಗಿರಬಹುದು, ನಿಘಂಟಾಗಿರಬಹುದು, ಹಳೆಯ ಕಾದಂಬರಿಯ ಪಠ್ಯವಾಗಿರಬಹುದು. ಒಂದು ಕೆಲಸ ಯಾವ ಹಂತದಿಂದ ಯಾವ ಹಂತಕ್ಕೆ ಹೋಗಬೇಕು ಎಂಬ ಗೊತ್ತುಪಾಡನ್ನು ಕೆಲಸದ ಕ್ರಮ ಎಂದು ಕರೆಯೋಣ. ತಂತ್ರಾಂಶದವರು ಇದನ್ನೇ ವರ್ಕ್‌ಫ್ಲೋ ಎನ್ನುತ್ತಾರೆ. ಯಾವ ವಿಷಯವನ್ನು ಯಾರು, ಹೇಗೆ ನಿರ್ಧರಿಸಬೇಕು ಎಂಬುದು ತೀರ್ಮಾನದ ಕ್ರಮ. ಇದಕ್ಕೆ ಗವರ್ನೆನ್ಸ್ ಎಂಬ ಹೆಸರಿದೆ. ಈ ಎರಡು ಕ್ರಮಗಳು ಸರಿಯಾಗಿದ್ದರೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಜನ ಸೇರಿ ದೊಡ್ಡ ಕೆಲಸ ಮಾಡಬಲ್ಲರು.

ಚಾಮರಾಜಪೇಟೆಯಿಂದ ವಿಕಿಸೋರ್ಸ್‌ಗೆ

ಹಲವರು ಸೇರಿ ಪಠ್ಯ ಕಟ್ಟುವುದು ನಮಗೆ ಹೊಸತಲ್ಲ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಕಟ್ಟಡ ಚಾಮರಾಜಪೇಟೆಯಲ್ಲಿದೆ. ಪರಿಷತ್ತು ಹೊರತಂದ 8 ಸಂಪುಟಗಳ ಕನ್ನಡ ನಿಘಂಟು ಹಲವು ದಶಕಗಳ, ಹಲವು ವಿದ್ವಾಂಸರ ದುಡಿಮೆ. ಕಾವ್ಯಗಳಿಂದ, ಶಾಸನಗಳಿಂದ ಪ್ರಯೋಗಗಳನ್ನು ಆಯ್ದರು, ಸಂಪಾದಕ ಸಮಿತಿ ಅವನ್ನು ಪರಿಶೀಲಿಸಿತು, ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥ ಪ್ರಧಾನ ಸಂಪಾದಕರು ಹೊಣೆ ಹೊತ್ತರು. ಅಲ್ಲಿ ಕೆಲಸದ ಕ್ರಮವೂ ಇತ್ತು, ತೀರ್ಮಾನದ ಕ್ರಮವೂ ಇತ್ತು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ನಿಘಂಟಿನ ಕೆಲಸ ಮಾಡಿದವರನ್ನು ಸಂಸ್ಥೆ ನೇಮಿಸಿತ್ತು, ಅವರ ವಿದ್ವತ್ತು ಎಲ್ಲರಿಗೂ ಗೊತ್ತಿತ್ತು. ಮುಕ್ತ ಸಮುದಾಯದಲ್ಲಿ ಇಂದು ಬಂದವರು ಯಾರೆಂದು ನಿಮಗೆ ಗೊತ್ತಿರುವುದಿಲ್ಲ. ಮಲ್ಲೇಶ್ವರದ ವಿದ್ಯಾರ್ಥಿನಿ ಇರಬಹುದು, ಕಾಸರಗೋಡಿನ ನಿವೃತ್ತ ಮೇಷ್ಟ್ರು ಇರಬಹುದು. ಅವರ ಅರ್ಹತೆಯನ್ನು ಮೊದಲೇ ಅಳೆಯಲು ಆಗುವುದಿಲ್ಲ, ಅಳೆಯಲು ಹೊರಟರೆ ಅರ್ಧ ಜನ ಬಾಗಿಲಿಂದಲೇ ಹಿಂದಿರುಗುತ್ತಾರೆ. ಆದ್ದರಿಂದ ವ್ಯಕ್ತಿಯ ಮೇಲೆ ಇಡುತ್ತಿದ್ದ ನಂಬಿಕೆಯನ್ನು ಇಲ್ಲಿ ಕ್ರಮದ ಮೇಲೆ ಇಡಬೇಕಾಗುತ್ತದೆ. ನಾನು ಇಂದು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಇದಕ್ಕೆ ನಮ್ಮ ಭಾಷೆಯಲ್ಲೇ ಒಳ್ಳೆಯ ಉದಾಹರಣೆ ಕನ್ನಡ ವಿಕಿಸೋರ್ಸ್. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸೋದರ ಯೋಜನೆ ಇದು. ವಿಕಿಪೀಡಿಯದಲ್ಲಿ ಹೊಸ ಲೇಖನಗಳನ್ನು ಬರೆಯುತ್ತಾರೆ. ವಿಕಿಸೋರ್ಸ್‌ನಲ್ಲಿ ಈಗಾಗಲೇ ಪ್ರಕಟವಾದ ಪುಸ್ತಕಗಳ ಮೂಲಪಠ್ಯವನ್ನು ಸೇರಿಸುತ್ತಾರೆ. ಅಲ್ಲಿ ಒಂದು ಪುಸ್ತಕ ಸಾಗುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲ ಹೆಜ್ಜೆ: ಹಕ್ಕು ಯಾರದು?

ಪುಸ್ತಕ ಹಳೆಯದು ಎಂದ ಮಾತ್ರಕ್ಕೆ ಮುಕ್ತವಾಗುವುದಿಲ್ಲ. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಉಳಿಯುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ತೀರಿಕೊಂಡದ್ದು 1946ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು 2006ರ ಕೊನೆಗೆ ಮುಗಿಯಿತು. ಬಸವನಗುಡಿಯವರಿಗೆ ಇನ್ನೂ ಹತ್ತಿರದವರಾದ ಡಿ.ವಿ. ಗುಂಡಪ್ಪನವರು ತೀರಿಕೊಂಡದ್ದು 1975ರಲ್ಲಿ. ಅವರ ಕೃತಿಗಳ ಹಕ್ಕು 2035ರ ಕೊನೆಯವರೆಗೂ ಇರುತ್ತದೆ. ನಮಗೆ ಎಷ್ಟು ಪ್ರೀತಿ ಇದ್ದರೂ ಅನುಮತಿ ಇಲ್ಲದೆ ಅವನ್ನು ಸೇರಿಸುವಂತಿಲ್ಲ.

ಇನ್ನು ಮೂರು ಸೂಕ್ಷ್ಮಗಳಿವೆ. ಲೇಖಕರ ಮರಣಾನಂತರ ಮೊದಲ ಬಾರಿಗೆ ಪ್ರಕಟವಾದ ಕೃತಿಗೆ 60 ವರ್ಷವನ್ನು ಪ್ರಕಟಣೆಯಿಂದ ಎಣಿಸಬೇಕು. ಹಳೆಯ ಕೃತಿಯ ಹೊಸ ಮುದ್ರಣಕ್ಕೆ ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿಗಳಿದ್ದರೆ ಅವುಗಳ ಹಕ್ಕು ಬರೆದವರದು. ವಿಕಿಸೋರ್ಸ್ ಅಮೆರಿಕದ ಸರ್ವರ್‌ಗಳಲ್ಲಿರುವ ಕಾರಣ ಅಲ್ಲಿಯ ಕಾನೂನನ್ನೂ ನೋಡಬೇಕು; ಹಳೆಯ ಪುಸ್ತಕಗಳಿಗೆ ಅಲ್ಲಿ ಸಾಮಾನ್ಯವಾಗಿ ಪ್ರಕಟಣೆಯಿಂದ 95 ವರ್ಷದ ಲೆಕ್ಕ. ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ 1926ರ ಪ್ರಕಟಣೆ. ಅದು ಎರಡೂ ಲೆಕ್ಕದಲ್ಲಿ ದಾಟುತ್ತದೆ.

ಹಕ್ಕು ಉಳಿದಿರುವ ಕೃತಿಗೂ ಒಂದು ದಾರಿಯಿದೆ. ಹಕ್ಕುದಾರರೇ ಕ್ರಿಯೇಟಿವ್ ಕಾಮನ್ಸ್‌ನಂಥ ಮುಕ್ತ ಪರವಾನಗಿ ಕೊಡಬಹುದು. ಪರವಾನಗಿ ಎಂದರೆ ಯಾವ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಬಹುದು ಎಂಬ ಲಿಖಿತ ಒಪ್ಪಿಗೆ. 2014ರಲ್ಲಿ ನಿರಂಜನರ ಕೃತಿಗಳು ಹೀಗೆ ಮುಕ್ತವಾದವು. ಒಪ್ಪಿಗೆ ಕೊಟ್ಟವರು ಅವರ ಮಗಳು ತೇಜಸ್ವಿನಿ ನಿರಂಜನ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ ಇದೇ ಬಗೆಯಲ್ಲಿ ವಿಕಿಸೋರ್ಸ್ ಸೇರಿತು.

ನಿಮ್ಮ ಗುಂಪಿನಲ್ಲಿ ಈ ಪರಿಶೀಲನೆಗೆ ಒಬ್ಬರು ಹೊಣೆಗಾರರಿರಲಿ. ಲೇಖಕರ ಮರಣದ ವರ್ಷ, ಪ್ರಕಟಣೆಯ ವರ್ಷ, ಅನುಮತಿಯ ವಿವರ, ಇಷ್ಟನ್ನು ಅವರು ಬರೆದಿಟ್ಟ ಮೇಲೆಯೇ ಮುಂದಿನ ಕೆಲಸ ಆರಂಭವಾಗಲಿ. ಇನ್ನೂರು ಪುಟ ತಿದ್ದಿದ ಮೇಲೆ ಪುಸ್ತಕವನ್ನೇ ತೆಗೆಯಬೇಕಾಗಿ ಬಂದರೆ ದುಡಿದವರು ಮತ್ತೆ ಬರುವುದಿಲ್ಲ.

ಎರಡನೆಯ ಹೆಜ್ಜೆ: ಕೆಲಸವನ್ನು ಸಣ್ಣದಾಗಿಸುವುದು

ಪುಸ್ತಕವನ್ನು ಸ್ಕ್ಯಾನ್ ಮಾಡಿ ಏರಿಸಿದ ಮೇಲೆ ವಿಕಿಸೋರ್ಸ್ ಅದನ್ನು ಪುಟ ಪುಟವಾಗಿ ಬಿಡಿಸುತ್ತದೆ. ಒಂದು ಪುಟ ತೆರೆದರೆ ಮೂಲದ ಚಿತ್ರ ಒಂದು ಕಡೆ, ಪಠ್ಯದ ಚೌಕ ಇನ್ನೊಂದು ಕಡೆ. ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರವೇ ಗುರುತಿಸಿ ಪಠ್ಯವಾಗಿಸುವ ವಿಧಾನಕ್ಕೆ ಓಸಿಆರ್ ಎಂದು ಹೆಸರು. ಕನ್ನಡಕ್ಕೂ ಅದು ಲಭ್ಯವಿದೆ. ಆದರೆ ಅದು ದ ಮತ್ತು ಧ, ಬ ಮತ್ತು ಭ, ಪ ಮತ್ತು ಷ ಇವುಗಳ ನಡುವೆ ಎಡವುತ್ತದೆ. ಮಸುಕಾದ ಅಚ್ಚಿನಲ್ಲಿ ಒತ್ತಕ್ಷರಗಳನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಮನುಷ್ಯರೇ ಕೂತು ಕರಡು ತಿದ್ದಬೇಕು.

ಇಲ್ಲಿ ಘಟಕ ಒಂದೇ ಒಂದು ಪುಟ ಎಂಬುದನ್ನು ಗಮನಿಸಿ. ಸಂಜೆ ಅಡಿಗೆಗೆ ಏಳುವ ಮುಂಚೆ ಸಿಕ್ಕ ಇಪ್ಪತ್ತು ನಿಮಿಷದಲ್ಲಿ ಒಬ್ಬರು ಒಂದು ಪುಟ ಮುಗಿಸಬಹುದು. ಅರ್ಧಕ್ಕೆ ಬಿಟ್ಟರೂ ಹಾಳಾಗುವುದು ಒಂದು ಪುಟದ ಕೆಲಸ ಮಾತ್ರ. ನೀವು ಯಾವ ಯೋಜನೆ ಕಟ್ಟಿದರೂ ಈ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಹೊಸಬರು ಒಂದೇ ಕೂರಿಕೆಯಲ್ಲಿ ಮುಗಿಸಬಹುದಾದ ಕೆಲಸ ಯಾವುದು? ಅದಕ್ಕೆ ಉತ್ತರ ಸಿಗದಿದ್ದರೆ ಕೆಲಸವನ್ನು ಇನ್ನೂ ಒಡೆಯಬೇಕಾಗಿದೆ.

ಮೂರನೆಯ ಹೆಜ್ಜೆ: ಬಣ್ಣಗಳು ಮತ್ತು ಎರಡನೆಯ ಕಣ್ಣು

ಪ್ರತಿ ಪುಟಕ್ಕೂ ಅದರ ಸ್ಥಿತಿಯನ್ನು ಹೇಳುವ ಬಣ್ಣವಿದೆ. ಕರಡು ತಿದ್ದದ ಪುಟ ಕೆಂಪು. ಒಬ್ಬರು ಮೂಲದೊಂದಿಗೆ ಹೋಲಿಸಿ ತಿದ್ದಿದ ಪುಟ ಹಳದಿ. ಇನ್ನೊಬ್ಬರು ಮತ್ತೆ ಓದಿ ಒಪ್ಪಿದ ಪುಟ ಹಸಿರು. ಹರಿದ ಹಾಳೆ, ಓದಲಾಗದ ಕೋಷ್ಟಕ ಮುಂತಾದ ತೊಡಕಿರುವ ಪುಟಕ್ಕೆ ಬೇರೆ ಗುರುತು. ಖಾಲಿ ಪುಟಕ್ಕೆ ಬೂದು ಬಣ್ಣ. ಪುಸ್ತಕದ ಪರಿವಿಡಿ ನೋಡಿದರೆ ಎಲ್ಲಿ ಎಷ್ಟು ಕೆಲಸ ಉಳಿದಿದೆ ಎಂದು ಯಾರನ್ನೂ ಕೇಳದೆ ತಿಳಿಯುತ್ತದೆ.

ಇದರಲ್ಲಿ ಒಂದು ಚೆಲುವಾದ ನಿಯಮವಿದೆ. ಪುಟವನ್ನು ಹಳದಿ ಮಾಡಿದವರೇ ಅದನ್ನು ಹಸಿರು ಮಾಡಲು ವ್ಯವಸ್ಥೆ ಬಿಡುವುದಿಲ್ಲ. ಅವರು ದೊಡ್ಡ ವಿದ್ವಾಂಸರಾಗಿರಲಿ, ನಿನ್ನೆ ಖಾತೆ ತೆರೆದವರಾಗಿರಲಿ, ನಿಯಮ ಒಂದೇ. ತಾನು ಬರೆದದ್ದರಲ್ಲಿ ತನ್ನ ತಪ್ಪು ಕಣ್ಣಿಗೆ ಬೀಳುವುದಿಲ್ಲ ಎಂಬುದು ಕರಡು ತಿದ್ದಿದ ಪ್ರತಿಯೊಬ್ಬರಿಗೂ ಗೊತ್ತು. ಹಿರಿಯರ ಪುಟವನ್ನು ಕಿರಿಯರು ಪರಿಶೀಲಿಸಲು ಇಲ್ಲಿ ಸಂಕೋಚವೂ ಬೇಕಿಲ್ಲ. ಪರಿಶೀಲನೆ ಎಲ್ಲರ ಪುಟಕ್ಕೂ ಆಗಲೇಬೇಕಾದ ಹಂತ.

ತಂತ್ರಾಂಶ ಕಟ್ಟುವವರಲ್ಲೂ ಇದೇ ಪದ್ಧತಿ ಇದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ಸಾಧನವನ್ನು ರೂಪಿಸಿದರು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ದಾಖಲೆಯನ್ನು ಅದು ಇಡುತ್ತದೆ. ಗಿಟ್‌ಹಬ್‌ನಂಥ ತಾಣಗಳಲ್ಲಿ ಹೊಸಬರು ತಮ್ಮ ಬದಲಾವಣೆಯನ್ನು ಮೊದಲು ಮನವಿಯಾಗಿ ಮುಂದಿಡುತ್ತಾರೆ. ಅದಕ್ಕೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಅದು ಮೂಲಕ್ಕೆ ಸೇರುತ್ತದೆ. ವಿಕಿಯಲ್ಲೂ ಪ್ರತಿ ತಿದ್ದುಪಡಿಯ ಇತಿಹಾಸ ಉಳಿಯುತ್ತದೆ, ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಹೊಸಬರ ಕೈಗೆ ಧೈರ್ಯವಾಗಿ ಕೆಲಸ ಕೊಡಲು ಸಾಧ್ಯವಾಗುವುದು ಈ ದಾಖಲೆಯಿಂದಲೇ.

ನಾಲ್ಕನೆಯ ಹೆಜ್ಜೆ: ಬರೆದಿಟ್ಟ ನಿಯಮ

ಎರಡನೆಯ ಕಣ್ಣು ಯಾವುದನ್ನು ಸರಿ ಎನ್ನಬೇಕು? ಅದಕ್ಕೆ ಒಂದು ನಿಯಮಪತ್ರ ಬೇಕು. ಕನ್ನಡಕ್ಕೇ ಸೇರಿದ ಕೆಲವು ಅಂಶಗಳನ್ನು ಹೇಳುತ್ತೇನೆ.

ಅನುಸ್ವಾರವನ್ನೂ ಕನ್ನಡದ ಸೊನ್ನೆಯನ್ನೂ ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ, ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ. ‘ಬಂತು’ ಎಂಬಲ್ಲಿ ಸೊನ್ನೆ ಒತ್ತಿದರೆ ಹುಡುಕುವವರಿಗೆ ಆ ಪದ ಸಿಗುವುದಿಲ್ಲ. ಹಾಗೆಯೇ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಹಾಕುವವರಿದ್ದಾರೆ. ‘ಕಮ೯’ ಎಂದು ಬರೆದರೆ ಓದುಗರಿಗೆ ಅರ್ಥವಾದೀತು. ಹುಡುಕಾಟಕ್ಕೆ ‘ಕರ್ಮ’ವೇ ಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ಒತ್ತಾಗಿ ಕೂಡದಂತೆ ನಡುವೆ ಕಾಣದ ಒಂದು ಅಕ್ಷರವನ್ನು ಸೇರಿಸಬೇಕು, ಇಲ್ಲವಾದರೆ ‘ರಾಜ್ಕುಮಾರ್’ ಆಗುತ್ತದೆ. ಹಳಗನ್ನಡದ ಱ, ೞ ಬಂದರೆ ಅವನ್ನು ಉಳಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಮೇಲಿನ ನಿಯಮ ಒಂದಿದೆ: ಮೂಲದಲ್ಲಿ ಅಚ್ಚಾಗಿರುವ ಕಾಗುಣಿತವನ್ನು ನಮ್ಮ ಕಾಲದ ರೂಢಿಗೆ ತಿದ್ದಬಾರದು. ಅಚ್ಚಿನ ದೋಷ ಸ್ಪಷ್ಟವಾಗಿದ್ದರೆ ಅದನ್ನು ಟಿಪ್ಪಣಿಯಲ್ಲಿ ಸೂಚಿಸಬಹುದು. ನಿಯಮಪತ್ರ ಒಂದು ಹಾಳೆಯನ್ನು ಮೀರದಿರಲಿ, ಪ್ರತಿ ನಿಯಮಕ್ಕೂ ಒಂದು ಉದಾಹರಣೆ ಇರಲಿ. ಹೊಸ ಸಂದೇಹ ಬಂದಾಗ ಚರ್ಚಿಸಿ, ತೀರ್ಮಾನವನ್ನು ಅದೇ ಹಾಳೆಗೆ ಸೇರಿಸಿ. ಬಾಯಿಮಾತಿನ ನಿಯಮ ಅದನ್ನು ಕೇಳಿಸಿಕೊಂಡವರಿಗೆ ಮಾತ್ರ ನಿಯಮ. ನಾಳೆ ಬರುವವರಿಗೆ ಅದು ಗೊತ್ತೇ ಇರುವುದಿಲ್ಲ.

ಐದನೆಯ ಹೆಜ್ಜೆ: ತೀರ್ಮಾನ ಯಾರದು?

ಈಗ ಎಲ್ಲಕ್ಕಿಂತ ನಾಜೂಕಾದ ಭಾಗಕ್ಕೆ ಬಂದೆವು. ವಿಕಿ ಸಮುದಾಯಗಳಲ್ಲಿ ನಿರ್ವಾಹಕರು ಎಂಬ ಹೊಣೆಗಾರರಿರುತ್ತಾರೆ. ಪುಟ ಅಳಿಸುವುದು, ಬದಲಾಗದಂತೆ ರಕ್ಷಿಸುವುದು, ಕಿಡಿಗೇಡಿಗಳ ಖಾತೆ ತಡೆಯುವುದು ಅವರ ಕೆಲಸ. ಪಠ್ಯದ ವಿಷಯದಲ್ಲಿ ಅವರ ಮಾತಿಗೆ ಬೇರೆ ಸದಸ್ಯರ ಮಾತಿಗಿಂತ ಹೆಚ್ಚು ತೂಕವಿಲ್ಲ. ಸಮುದಾಯದ ಬೆಂಬಲ ಪಡೆದೇ ಅವರು ಆ ಸ್ಥಾನಕ್ಕೆ ಬರುತ್ತಾರೆ, ಮತ್ತು ಸಣ್ಣ ವಿಕಿಗಳಲ್ಲಿ ಈ ಅಧಿಕಾರವನ್ನು ಹಲವು ಸಲ ನಿಗದಿತ ಅವಧಿಗೆ ಮಾತ್ರ ಕೊಡುತ್ತಾರೆ. ಎಲ್ಲರಿಗೂ ಸಂಬಂಧಿಸಿದ ವಿಷಯಗಳಿಗೆ ಕನ್ನಡ ವಿಕಿಪೀಡಿಯದಲ್ಲಿ ‘ಅರಳಿ ಕಟ್ಟೆ’ ಎಂಬ ಚರ್ಚೆಯ ಪುಟವಿದೆ. ಮಾತುಕತೆ ಅಲ್ಲಿ ಎಲ್ಲರ ಕಣ್ಣೆದುರು ನಡೆಯುತ್ತದೆ, ದಾಖಲೆಯಾಗಿ ಉಳಿಯುತ್ತದೆ.

ಹೊರಗಿನ ಪ್ರಪಂಚದ ಎರಡು ಮಾದರಿಗಳನ್ನೂ ತಿಳಿದುಕೊಳ್ಳಿ. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಸಮುದಾಯ 1998ರಲ್ಲೇ ತನಗೊಂದು ಸಂವಿಧಾನ ಬರೆದುಕೊಂಡಿತು. ಅದರ ನಾಯಕರನ್ನು ಸದಸ್ಯರು ಪ್ರತಿವರ್ಷ ಮತ ಹಾಕಿ ಆರಿಸುತ್ತಾರೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದರ ಜನಕ ಗಿಡೊ ವಾನ್ ರಾಸಮ್ ಅವರದೇ ಕೊನೆಯ ಮಾತಾಗಿತ್ತು. 2018ರಲ್ಲಿ ಅವರು ಆ ಸ್ಥಾನದಿಂದ ಸರಿದರು. ಮುಂದಿನ ವರ್ಷ 5 ಮಂದಿಯ ಚುನಾಯಿತ ಮಂಡಳಿ ಹೊಣೆ ಹೊತ್ತಿತು. ಭಾಷೆ ಬೆಳೆಯುತ್ತಲೇ ಇದೆ. ಆರಂಭಿಸಿದವರು ಸರಿದ ಮೇಲೂ ಕೆಲಸ ಉಳಿಯಬೇಕಾದರೆ ಅವರು ಇರುವಾಗಲೇ ಉತ್ತರಾಧಿಕಾರದ ದಾರಿ ಗೊತ್ತಾಗಿರುವುದು ಒಳ್ಳೆಯದು.

ನಿಮ್ಮ ಐದು ಮಂದಿಯ ಗುಂಪಿಗೆ ಸಂವಿಧಾನ ಬೇಕಿಲ್ಲ. ನಾಲ್ಕು ಸಾಲು ಸಾಕು. ಸಾಮಾನ್ಯ ಸಂದೇಹವನ್ನು ಚರ್ಚಿಸಿ ಒಮ್ಮತಕ್ಕೆ ಬರುತ್ತೇವೆ. ಒಂದು ವಾರದಲ್ಲಿ ಒಮ್ಮತವಾಗದಿದ್ದರೆ ನಾವೇ ಆರಿಸಿದ ಇಬ್ಬರು ಸಂಯೋಜಕರು ಕಾರಣ ಬರೆದು ತೀರ್ಮಾನಿಸುತ್ತಾರೆ. ಸಂಯೋಜಕರ ಅವಧಿ ಒಂದು ವರ್ಷ. ಕೆಲಸವನ್ನು ಟೀಕಿಸಬಹುದು, ಕೆಲಸ ಮಾಡಿದವರನ್ನು ಹೀಯಾಳಿಸುವಂತಿಲ್ಲ. ಈ ಕೊನೆಯ ಸಾಲನ್ನು ಹಗುರವಾಗಿ ನೋಡಬೇಡಿ. ಮೊದಲ ಪುಟ ತಿದ್ದಿದವರಿಗೆ ‘ನಿಮಗೆ ಕನ್ನಡವೇ ಬರುವುದಿಲ್ಲ’ ಎಂದು ಯಾರಾದರೂ ಬರೆದರೆ ಅವರು ಎರಡನೆಯ ಪುಟ ತೆರೆಯುವುದಿಲ್ಲ. ‘ಮೂರನೆಯ ಸಾಲಿನಲ್ಲಿ ಧ ಇರಬೇಕು, ಉಳಿದದ್ದು ಚೆನ್ನಾಗಿದೆ’ ಎಂದರೆ ತೆರೆಯುತ್ತಾರೆ.

ನೀವು ಎಲ್ಲಿಂದ ಆರಂಭಿಸಬೇಕು?

ಹೊಸ ಗುಂಪು ಕಟ್ಟುವ ಮೊದಲು ನೀವೇ ಕನ್ನಡ ವಿಕಿಸೋರ್ಸ್‌ನಲ್ಲಿ ಖಾತೆ ತೆರೆಯಿರಿ. ಯಾವುದಾದರೂ ಪರಿವಿಡಿಯಲ್ಲಿ ಒಂದು ಕೆಂಪು ಪುಟ ಆರಿಸಿ, ತಾಳ್ಮೆಯಿಂದ ತಿದ್ದಿ, ಹಳದಿ ಮಾಡಿ. ಬಳಿಕ ಬೇರೆಯವರು ಹಳದಿ ಮಾಡಿದ ಪುಟವೊಂದನ್ನು ಪರಿಶೀಲಿಸಿ. ಎರಡೂ ಕಡೆಯ ಅನುಭವವಾದ ಮೇಲೆ ಹಕ್ಕು ಮುಗಿದಿರುವ, ಐವತ್ತು ಪುಟ ಮೀರದ ಒಂದು ಪುಸ್ತಕವನ್ನು ನಿಮ್ಮ ಗುಂಪಿಗೆ ಆರಿಸಿ. ನಿಯಮಪತ್ರದ ಮೊದಲ ಹಾಳೆಯನ್ನು ಎಲ್ಲರೂ ಕೂತು ಬರೆಯಿರಿ, ಪುಟಗಳನ್ನು ಹಂಚಿಕೊಳ್ಳಿ. ಆ ಪುಸ್ತಕ ಪೂರ್ತಿ ಹಸಿರಾಗುವವರೆಗೆ ಎರಡನೆಯದನ್ನು ಮುಟ್ಟಬೇಡಿ. ಸಣ್ಣ ಪುಸ್ತಕವೊಂದನ್ನು ಕೊನೆ ಮುಟ್ಟಿಸಿದ ಗುಂಪಿಗೆ ತನ್ನ ಕ್ರಮದಲ್ಲಿ ಎಲ್ಲಿ ತೊಡಕಿದೆ ಎಂದು ಚೆನ್ನಾಗಿ ಗೊತ್ತಾಗಿರುತ್ತದೆ. ದೊಡ್ಡ ಪುಸ್ತಕಕ್ಕೆ ಹೊರಡುವ ಮುನ್ನ ಅದನ್ನು ಸರಿಪಡಿಸಿಕೊಳ್ಳಿ, ಆಗ ಬರುವ ಹೊಸಬರಿಗೆ ನಿಮ್ಮ ನಿಯಮಪತ್ರವನ್ನು ಕೈಗೆ ಕೊಟ್ಟು ಮೊದಲ ಪುಟ ತೋರಿಸಿ.