ಕಡಲ ಮೇಲಿನ ವಿಮಾನ ಯಾರದು? ಒಂಬತ್ತನೇ ತರಗತಿಗೆ ಒಂದು ಸಮೀಕರಣದ ಪಾಠ

ಒಂಬತ್ತನೇ ತರಗತಿಯಲ್ಲಿ ‘ಚಲನೆ’ ವಿಜ್ಞಾನದ ಅವಧಿಯಲ್ಲಿ ನಡೆಯುತ್ತದೆ, ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಗಣಿತದ ಅವಧಿಯಲ್ಲಿ. ಎರಡೂ ಒಂದೇ ವಿಷಯದ ಎರಡು ಮುಖ ಎಂದು ಮಕ್ಕಳಿಗೆ ಅನಿಸುವುದೇ ಇಲ್ಲ. ಬೋಧನಾಭ್ಯಾಸದ ಅವಧಿಯಲ್ಲಿ ನಗರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಇವೆರಡನ್ನೂ ಜೋಡಿಸುವ ಪಾಠವೊಂದನ್ನು ಮಾಡಿದೆ. ಸನ್ನಿವೇಶವಾಗಿ ಆರಿಸಿಕೊಂಡದ್ದು ನೌಕಾಪಡೆಗೂ ವಾಯುಪಡೆಗೂ ನಡುವಿನ ಒಂದು ಹಳೆಯ ತಕರಾರು. ಕಡಲ ಮೇಲೆ ಕಾವಲು ಕಾಯುವ ಯುದ್ಧವಿಮಾನ ದಡದಿಂದ ಹಾರಬೇಕೋ, ವಿಮಾನವಾಹಕ ನೌಕೆಯಿಂದ ಹಾರಬೇಕೋ?

ಇದು ಕರಾವಳಿಯ ಮಕ್ಕಳಿಗೆ ದೂರದ ಮಾತಲ್ಲ. ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆ 2005ರಿಂದ ಇದೆ. ವಿಕ್ರಮಾದಿತ್ಯ ನೌಕೆಯ ನೆಲೆ ಅದೇ. ಹೊಸ ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿತು. ಆ ಕಾರ್ಯಕ್ರಮ ಮುಗಿಸಿ ಪ್ರಧಾನಿ ಬಂದದ್ದು ಮಂಗಳೂರಿಗೆ. ಕಾರವಾರಕ್ಕೆ ಪ್ರವಾಸ ಹೋಗಿದ್ದ ನಾಲ್ಕು ಮಕ್ಕಳು ಕಡಲತೀರದ ಚಾಪೆಲ್ ಹಡಗನ್ನು ಹತ್ತಿ ಇಳಿದಿದ್ದರು. ಪೂರ್ವಜ್ಞಾನಕ್ಕೆ ಇಷ್ಟು ಸಾಕಾಯಿತು.

ಮೊದಲು ಉದ್ದದ ಅಂದಾಜು ಕೊಟ್ಟೆ. ನಮ್ಮ ಕೆಂಜಾರಿನ ವಿಮಾನ ನಿಲ್ದಾಣದ ರನ್‌ವೇ 2,450 ಮೀಟರ್. ವಿಕ್ರಾಂತ್ ಹಡಗಿನ ಪೂರ್ತಿ ಉದ್ದವೇ 262 ಮೀಟರ್. ಅಂದರೆ ರನ್‌ವೇಯ ಒಂಬತ್ತನೇ ಒಂದು ಭಾಗವೂ ಇಲ್ಲ. ಅಷ್ಟರಲ್ಲಿ ಮೇಲೇಳಲು ಹಡಗಿನ ಮುಂಭಾಗ ಇಳಿಜಾರನ್ನು ತಿರುಗಿಸಿಟ್ಟ ಹಾಗೆ ಮೇಲಕ್ಕೆ ಬಾಗಿರುತ್ತದೆ, ಹಡಗು ಗಾಳಿಗೆ ಎದುರಾಗಿ ಓಡುತ್ತದೆ, ವಿಮಾನವೂ ಭಾರ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. ಈ ಕೊನೆಯ ಅಂಶವನ್ನು ಹಲಗೆಯ ಮೂಲೆಯಲ್ಲಿ ಬರೆದು ಅಳಿಸದೆ ಇಟ್ಟೆ. ಪಾಠದ ಕೀಲಿ ಅದರಲ್ಲೇ ಇತ್ತು.

ನಂತರ ಲೆಕ್ಕ. ಒಂದು ವಿಮಾನದಲ್ಲಿ 3 ಗಂಟೆಯ ಇಂಧನ ಇದೆ, ವೇಗ ಗಂಟೆಗೆ 800 ಕಿ.ಮೀ. ಎಂದು ಇಟ್ಟುಕೊಳ್ಳೋಣ. ಇದು ಯಾವ ನಿಜವಾದ ವಿಮಾನದ ಅಂಕಿಯೂ ಅಲ್ಲ, ಲೆಕ್ಕಕ್ಕೆ ಸುಲಭವಾದದ್ದು ಎಂದು ಮಕ್ಕಳಿಗೂ ಹೇಳಿದೆ. d ಕಿ.ಮೀ. ದೂರದ ಜಾಗಕ್ಕೆ ಹೋಗಿ ಹಿಂದಿರುಗಬೇಕು. ಅಲ್ಲಿ ಕಾವಲು ನಿಲ್ಲಲು ಉಳಿಯುವ ಸಮಯ t = 3 − 2d/800.

ಮಂಗಳೂರಿನಿಂದ ಕವರತ್ತಿ ನೇರ ದೂರದಲ್ಲಿ ಸುಮಾರು 350 ಕಿ.ಮೀ. ಉತ್ತರ 2 ಗಂಟೆ 7 ನಿಮಿಷ. 1,000 ಕಿ.ಮೀ.ಗೆ ಅರ್ಧ ಗಂಟೆ. 1,200ಕ್ಕೆ ಸೊನ್ನೆ. ಆಮೇಲೆ ಅಟ್ಲಾಸ್ ತೆಗೆಸಿದೆ. ಮಂಗಳೂರಿನ ಮೇಲೆ ಸ್ಕೇಲ್ ಇಟ್ಟು ಪಶ್ಚಿಮಕ್ಕೆ ಅಡ್ಡ ಗೆರೆ ಎಳೆದರೆ ಅದು ಏಡನ್ ಬಂದರನ್ನು ಮುಟ್ಟುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ದೂರ ಸುಮಾರು 3,200 ಕಿ.ಮೀ. ಉತ್ತರ ಮೈನಸ್ 5 ಗಂಟೆ.

“ವಿಮಾನ ಕಡಲಿಗೆ ಬಿದ್ದು ಐದು ಗಂಟೆ ಆಯ್ತು ಟೀಚರ್” ಎಂದ ಒಬ್ಬ ಹುಡುಗ. ತರಗತಿಯೆಲ್ಲ ನಕ್ಕಿತು. ಆ ನಗುವನ್ನು ಹಾಗೆಯೇ ಹಿಡಿದು, ಋಣ ಚಿಹ್ನೆ ಇಲ್ಲಿ ನಿಜವಾಗಿ ಏನು ಹೇಳುತ್ತಿದೆ ಎಂದು ಕೇಳಿದೆ. ಹೋಗಿ ಬರುವುದಕ್ಕೇ ಇನ್ನೂ 5 ಗಂಟೆಯ ಇಂಧನ ಬೇಕು, ಅಲ್ಲಿ ನಿಲ್ಲುವ ಮಾತೇ ಇಲ್ಲ ಎಂದು ಹಿಂದಿನ ಬೆಂಚಿನ ಹುಡುಗಿ ಬಿಡಿಸಿ ಹೇಳಿದಳು. ಋಣ ಸಂಖ್ಯೆಗೆ ಅರ್ಥ ಹುಡುಕುವ ಅಭ್ಯಾಸ ಇಷ್ಟು ಸಲೀಸಾಗಿ ಬಂದದ್ದನ್ನು ನಾನು ಬೇರೆ ಪಾಠದಲ್ಲಿ ಕಂಡಿಲ್ಲ.

ಈಗ ತಕರಾರನ್ನು ಸಮೀಕರಣದಲ್ಲೇ ತೋರಿಸಬಹುದು. ವಾಯುಪಡೆಯ ಕಡೆಯ ವಾದ: ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರ್ ವಿಮಾನ ಕಳುಹಿಸಿ 3ನ್ನು ದೊಡ್ಡದು ಮಾಡೋಣ. ನೌಕಾಪಡೆಯ ವಾದ: ರನ್‌ವೇಯನ್ನೇ ಹತ್ತಿರ ಒಯ್ದು d ಯನ್ನು ಚಿಕ್ಕದು ಮಾಡೋಣ. ಹಡಗಿನ ವಿಮಾನ ಭಾರ ಕಡಿಮೆ ಇಟ್ಟುಕೊಂಡು ಏಳಬೇಕಾದ್ದರಿಂದ ಅದಕ್ಕೆ 2 ಗಂಟೆಯ ಇಂಧನ ಮಾತ್ರ ಎಂದೂ, ಹಡಗು ಕಾವಲಿನ ಜಾಗದಿಂದ 300 ಕಿ.ಮೀ. ದೂರದಲ್ಲಿದೆ ಎಂದೂ ಇಟ್ಟುಕೊಂಡೆವು. ಆಗ ಅದು 1 ಗಂಟೆ 15 ನಿಮಿಷ ನಿಲ್ಲುತ್ತದೆ, ದಡ ಎಷ್ಟೇ ದೂರವಿರಲಿ. ದಡದ ವಿಮಾನಕ್ಕೂ ಅಷ್ಟೇ ಸಮಯ ಸಿಗುವುದು d = 700 ಆದಾಗ. ನಕ್ಷೆಯಲ್ಲಿ ಒಂದು ಇಳಿಯುವ ರೇಖೆ, ಒಂದು ಅಡ್ಡ ರೇಖೆ. ಅವು ಕೂಡುವ ಬಿಂದುವಿನ ಈಚೆ ದಡದ ವಿಮಾನಕ್ಕೆ ಲಾಭ, ಆಚೆ ಹಡಗಿನದಕ್ಕೆ. ಕವರತ್ತಿ ಈಚೆ ಬಿತ್ತು, ಏಡನ್ ಆಚೆ.

ಅಲ್ಲಿಗೆ ನೌಕಾಪಡೆ ಗೆದ್ದಿತು ಎಂದು ಕೆಲವರು ಚಪ್ಪಾಳೆ ತಟ್ಟಿದರು. ಆಗ ಎರಡನೇ ಲೆಕ್ಕ ಕೊಟ್ಟೆ. ವಿಕ್ರಾಂತ್ ಸಾಮಾನ್ಯವಾಗಿ ಸಾಗುವ ವೇಗ 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿ.ಮೀ. ಏಡನ್‌ಗೆ 300 ಕಿ.ಮೀ. ಈಚೆ ತಲುಪಲು 2,900 ಕಿ.ಮೀ. ಸಾಗಬೇಕು. ಮೂರೂವರೆ ದಿನಕ್ಕೂ ಹೆಚ್ಚು. ಚಪ್ಪಾಳೆ ನಿಂತಿತು.

ಬೆಂಗ್ರೆಯ ಕಡೆಯಿಂದ ಬರುವ ಒಬ್ಬ ಹುಡುಗ ಇದನ್ನು ತನ್ನ ಭಾಷೆಗೆ ತಂದುಕೊಂಡ: “ನಾಡದೋಣಿ ಹತ್ತಿರ ಹೋಗಿ ಅವತ್ತೇ ಬರ್ತದೆ. ಟ್ರಾಲ್ ಬೋಟ್ ಐಸ್ ತುಂಬಿಸಿಕೊಂಡು ಹೋದ್ರೆ ವಾರಗಟ್ಟಲೆ ಕಡಲಲ್ಲೇ. ದಕ್ಕೆಯಲ್ಲಿ ಎರಡೂ ಉಂಟು ಟೀಚರ್.” ನನ್ನ ಪಾಠ ಯೋಜನೆಯಲ್ಲಿ ಈ ಉದಾಹರಣೆ ಇರಲಿಲ್ಲ. ಮುಂದಿನ ಬಾರಿ ಪಾಠ ಇದರಿಂದಲೇ ಶುರುವಾಗುತ್ತದೆ.

ವೀಕ್ಷಣೆಗೆ ಬಂದಿದ್ದ ಹಿರಿಯರೊಬ್ಬರು, ಸೇನೆಯ ಒಳಗಿನ ಭಿನ್ನಾಭಿಪ್ರಾಯ ಮಕ್ಕಳ ಮುಂದೆ ಬೇಡ, ಗೌರವ ಕಡಿಮೆಯಾಗುತ್ತದೆ ಎಂದು ಟಿಪ್ಪಣಿ ಬರೆದರು. ಕಾಳಜಿ ಅರ್ಥವಾಗುತ್ತದೆ, ಆ ತರಗತಿಯಲ್ಲೇ ಅಣ್ಣ ವಾಯುಪಡೆಯಲ್ಲಿರುವ ಹುಡುಗಿಯೊಬ್ಬಳಿದ್ದಳು. ಆದರೂ ನಾನು ಒಪ್ಪುವುದಿಲ್ಲ. ಈ ಭಿನ್ನಾಭಿಪ್ರಾಯ ಗುಟ್ಟಲ್ಲ. ದಡದಿಂದ ಹಾರಿ ಕಡಲನ್ನು ಗಮನಿಸುವ ಕೆಲಸ ನಮ್ಮಲ್ಲಿ 1976ರವರೆಗೆ ವಾಯುಪಡೆಯದಾಗಿತ್ತು, ಆ ವರ್ಷ ನೌಕಾಪಡೆಗೆ ಬಂತು. 2020ರ ಜನವರಿಯಲ್ಲಿ ವಾಯುಪಡೆ ತಂಜಾವೂರಿನಲ್ಲಿ ಬ್ರಹ್ಮೋಸ್ ಹೊತ್ತ ಸುಖೋಯ್‌ಗಳ ತುಕಡಿಯೊಂದನ್ನು, ಕಡಲ ಕೆಲಸವನ್ನೂ ಗಮನದಲ್ಲಿಟ್ಟು, ನಿಲ್ಲಿಸಿತು. ಮರುತಿಂಗಳೇ, ಭೂಸೇನೆಯಿಂದ ಬಂದಿದ್ದ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಮೂರನೇ ವಿಮಾನವಾಹಕ ನೌಕೆಗಿಂತ ಸಬ್‌ಮರೀನ್‌ಗಳಿಗೆ ಆದ್ಯತೆ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಮಾತಾಡಿದರು. ಮೂರು ನೌಕೆ ಬೇಕು ಎಂಬ ನೌಕಾಪಡೆಯ ನಿಲುವೂ ಬಹಿರಂಗವೇ.

ಇಂಗ್ಲೆಂಡಿನ ಕಥೆ ಹೇಳಿದ ಮೇಲೆ ಮಕ್ಕಳಿಗೆ ಇದರ ಬೆಲೆ ತಿಳಿಯಿತು. 1918ರ ಏಪ್ರಿಲ್ 1ರಂದು ಅಲ್ಲಿ ವಾಯುಪಡೆ ಹುಟ್ಟಿದಾಗ ನೌಕಾಪಡೆಯ ವಿಮಾನಗಳೂ ಅದರ ಪಾಲಾದವು. ಹಡಗು ಒಬ್ಬರದು, ಅದರ ಮೇಲಿನ ವಿಮಾನ ಇನ್ನೊಬ್ಬರದು. 1937ರಲ್ಲಿ ಅವನ್ನು ಹಿಂದಿರುಗಿಸುವ ತೀರ್ಮಾನವಾಗಿ, 1939ರಲ್ಲಿ ಅದು ಪೂರ್ತಿಯಾಗುವ ಹೊತ್ತಿಗೆ ಮಹಾಯುದ್ಧ ಬಾಗಿಲಿಗೆ ಬಂದಿತ್ತು. ಆಗ ಅವರ ಹಡಗುಗಳ ಮೇಲಿದ್ದದ್ದು ಸ್ವೋರ್ಡ್‌ಫಿಶ್ ಎಂಬ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯ ನಿಧಾನದ ವಿಮಾನ. (1941ರಲ್ಲಿ ಜರ್ಮನಿಯ ಬಿಸ್ಮಾರ್ಕ್ ಹಡಗಿನ ಚುಕ್ಕಾಣಿಯನ್ನು ಕೆಡಿಸಿದ್ದೂ ಅದೇ ಹಳೇ ವಿಮಾನ. ಇತಿಹಾಸ ನಮ್ಮ ವಾದಕ್ಕೆ ತಕ್ಕಂತೆ ನಡೆದುಕೊಳ್ಳುವುದಿಲ್ಲ.) ನಮ್ಮ ಹಳೆಯ ವಿಕ್ರಾಂತ್‌ನ ವಿಮಾನಗಳು 1971ರ ಡಿಸೆಂಬರ್ 4ರಂದು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದ್ದನ್ನೂ ಹೇಳಿದೆ. ಹಡಗಿನ ಬಾಯ್ಲರ್ ಬಿರುಕು ಬಿಟ್ಟು ವೇಗ ತಗ್ಗಿದ್ದರಿಂದ, ವಿಮಾನ ಏಳಲು ಎದುರುಗಾಳಿ ಎಷ್ಟು ಮುಖ್ಯವಾಯಿತು ಎಂಬುದು ಸಾಪೇಕ್ಷ ವೇಗಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ.

ವಾಯುಪಡೆಯ ಅಣ್ಣನಿರುವ ಹುಡುಗಿ ಅವಧಿಯ ಕೊನೆಗೆ ಕೇಳಿದಳು: “ಟ್ಯಾಂಕರಿಗೆ ಇಂಧನ ಯಾರು ಕೊಡ್ತಾರೆ? ಅದರ d ಎಷ್ಟು?” ಕೂಡಲೇ ಟ್ರಾಲ್ ಬೋಟಿನ ಹುಡುಗ, ಹಡಗನ್ನು ಕಾಯಲು ಬೇರೆ ಹಡಗುಗಳು ಬೇಡವಾ ಎಂದ. ಇಬ್ಬರೂ ತಮ್ಮ ಪಕ್ಷದ ದುರ್ಬಲ ಜಾಗಕ್ಕೇ ಕೈ ಹಾಕಿದ್ದರು. ಗೌರವ ಕಡಿಮೆಯಾಗುತ್ತದೆ ಎಂಬ ಟಿಪ್ಪಣಿಗೆ ನನ್ನ ಬಳಿ ಇರುವ ಉತ್ತರ ಈ ಎರಡು ಪ್ರಶ್ನೆಗಳೇ.

ಈ ಪಾಠ ಮಾಡುವವರಿಗೆ ಎರಡು ಮಾತು. 40 ನಿಮಿಷದ ಒಂದೇ ಅವಧಿ ಸಾಲದು. ರೇಖೆಗಳು ಕೂಡುವ ಬಿಂದುವಿಗೆ ಒಂದು ದಿನ ನಿಲ್ಲಿಸಿ, ಹಡಗಿನ ಪ್ರಯಾಣ ಮತ್ತು ಇತಿಹಾಸವನ್ನು ಮರುದಿನಕ್ಕೆ ಇಡಿ. ಗ್ರಾಫ್ ಹಾಳೆಯಲ್ಲಿ x ಅಕ್ಷಕ್ಕೆ 1 ಸೆಂ.ಮೀ.ಗೆ 100 ಕಿ.ಮೀ. ಎಂಬ ಪ್ರಮಾಣ ತೆಗೆದುಕೊಂಡರೆ 1,200ರವರೆಗೆ ಸಲೀಸಾಗಿ ಹಿಡಿಯುತ್ತದೆ. ಏಡನ್ ಮಾತ್ರ ಹಾಳೆಯ ಹೊರಗೆ, ಬೆಂಚಿನ ಮೇಲೆ ಬೀಳುತ್ತದೆ. ಮಕ್ಕಳು ಅಲ್ಲಿ ಸೀಮೆಸುಣ್ಣದಿಂದ ಚುಕ್ಕೆ ಇಟ್ಟರೆ ಇಡಲಿ, ಬಿಡಿ.