ಬಿಲ್ಲಿನ ಒಂದು ಕಾಲಂ: ಔಷಧ ಕಂಪನಿ, ಲ್ಯಾಬ್ ಮತ್ತು ವೈದ್ಯರ ನಡುವಿನ ಹಣದ ಲೆಕ್ಕ

ಕಳೆದ ಮಳೆಗಾಲದಲ್ಲಿ ನಮ್ಮ ದಾದಿಗೆ ಸೊಂಟನೋವು ಜೋರಾಗಿ ಎಡಗಾಲು ಜೋಮು ಹಿಡಿಯತೊಡಗಿತು. (ದಾದಿ ಎಂದರೆ ಇಲ್ಲಿ ನರ್ಸ್ ಅಲ್ಲ, ನಮ್ಮ ಮನೆಯಲ್ಲಿ ಅಬ್ಬಾನ ತಾಯಿಯನ್ನು ಹಾಗೆ ಕರೆಯುತ್ತೇವೆ.) ತೋರಿಸಲು ಹೋದಾಗ ವೈದ್ಯರು ಎಂಆರ್‌ಐ ಬರೆದರು. ಹೊರಗೆ ಕುಳಿತಿದ್ದ ಹುಡುಗ ಒಂದು ಸ್ಕ್ಯಾನಿಂಗ್ ಸೆಂಟರಿನ ಹೆಸರು ಅಚ್ಚಾಗಿದ್ದ ಚೀಟಿ ಕೊಟ್ಟು, "ಇಲ್ಲೇ ಮಾಡಿಸ್ರಿ, ಬ್ಯಾರೆ ಕಡೆ ರಿಪೋರ್ಟ್ ಸರಿ ಬರೂದಿಲ್ಲ" ಎಂದ. ಅಬ್ಬಾ 6,500 ರೂಪಾಯಿ ಕಟ್ಟಿದರು. ಬಿಲ್ಲನ್ನು ನಾನು ಮನೆಗೆ ಬಂದು ಓದಿದೆ. ಹೆಸರು, ವಯಸ್ಸು, ದಿನಾಂಕದ ಕೆಳಗೆ ಒಂದು ಕಾಲಂ ಇತ್ತು: "ರೆಫರ್ ಮಾಡಿದ ವೈದ್ಯರು". ಸ್ಕ್ಯಾನ್ ಮಾಡುವ ಅಂಗಡಿಗೆ ಯಾರು ಕಳಿಸಿದರು ಎಂಬ ವಿಷಯ ಹಣದ ರಸೀದಿಯಲ್ಲಿ ಏಕೆ ಬೇಕು? ರಿಪೋರ್ಟಿನಲ್ಲಿ ಇದ್ದರೆ ಸಾಕಲ್ಲವೇ? ಈ ಪ್ರಶ್ನೆಯಿಂದಲೇ ಈ ಲೇಖನ ಶುರುವಾಯಿತು.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಿಲ್ಲಿನಲ್ಲಿ ಕಮಿಷನ್ ಇತ್ತು ಎಂದು ನಾನು ಹೇಳುತ್ತಿಲ್ಲ. ಇತ್ತೋ ಇಲ್ಲವೋ ತಿಳಿಯುವ ದಾರಿಯೇ ನಮಗಿಲ್ಲ.

ಆದರೆ ಇಂಥ ಲೆಕ್ಕ ಒಮ್ಮೆ ನಮ್ಮ ರಾಜ್ಯದಲ್ಲೇ ಹೊರಗೆ ಬಿದ್ದಿದೆ. 2017ರ ನವೆಂಬರ್ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ 2 ಐವಿಎಫ್ ಕೇಂದ್ರಗಳು ಮತ್ತು 5 ಡಯಾಗ್ನೋಸ್ಟಿಕ್ ಕೇಂದ್ರಗಳ ಮೇಲೆ ದಾಳಿ ಮಾಡಿತು. 1.4 ಕೋಟಿ ರೂಪಾಯಿ ನಗದು, 3.5 ಕೆ.ಜಿ. ಆಭರಣ ಸಿಕ್ಕವು, ಲೆಕ್ಕಕ್ಕೆ ತೋರಿಸದ 100 ಕೋಟಿ ರೂಪಾಯಿಗೂ ಹೆಚ್ಚಿನ ಆದಾಯ ಹೊರಬಂತು ಎಂದು ಇಲಾಖೆ ಹೇಳಿತು. ನನಗೆ ಅದಕ್ಕಿಂತ ಮುಖ್ಯ ಎನಿಸಿದ್ದು ಇಲಾಖೆ ಬಿಡಿಸಿಟ್ಟ ದರ. ರೋಗಿಯನ್ನು ಕಳಿಸಿದ ವೈದ್ಯರಿಗೆ ಎಂಆರ್‌ಐ ಆದರೆ 35%, ಸಿ.ಟಿ. ಸ್ಕ್ಯಾನ್ ಮತ್ತು ಲ್ಯಾಬ್ ಪರೀಕ್ಷೆಯಾದರೆ 20%. ಒಂದೇ ಲ್ಯಾಬ್ ಕೊಟ್ಟ ರೆಫರಲ್ ಹಣ 200 ಕೋಟಿ ಮೀರಿತ್ತು.

ಕಾಮರ್ಸ್ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ: ಇಷ್ಟು ಹಣವನ್ನು ಯಾವ ಖಾತೆಗೆ ಬರೆದರು? ಇಲಾಖೆಯ ಪ್ರಕಾರ ಇದನ್ನು ಮಾರ್ಕೆಟಿಂಗ್ ವೆಚ್ಚ ಎಂದು ತೋರಿಸಲಾಗಿತ್ತು. ಕೊಡುವ ದಾರಿಗಳೂ ಹಲವು. ಕೆಲವರಿಗೆ ಹದಿನೈದು ದಿನಕ್ಕೊಮ್ಮೆ ಲಕೋಟೆಯಲ್ಲಿ ನಗದು; ಲಕೋಟೆ ಹಂಚಲೆಂದೇ ಏಜೆಂಟರು. ಕೆಲವರಿಗೆ ಮುಂಗಡ. ಕೆಲವರಿಗೆ ಚೆಕ್, ಪುಸ್ತಕದಲ್ಲಿ ಅದರ ಹೆಸರು "ವೃತ್ತಿಪರ ಶುಲ್ಕ". ಲ್ಯಾಬಿಗೆ ಬಾರದ, ರೋಗಿಯನ್ನು ನೋಡದ, ಒಂದು ರಿಪೋರ್ಟೂ ಬರೆಯದ ವೈದ್ಯರನ್ನು ಕಾಗದದ ಮೇಲೆ "ಇನ್‌ಹೌಸ್ ಕನ್ಸಲ್ಟಂಟ್" ಎಂದು ನೇಮಿಸಿಕೊಂಡು ಕೊಟ್ಟದ್ದೂ ಇತ್ತು. ಖರ್ಚು ಮತ್ತು ಜಮಾ ತಾಳೆಯಾದ ಮಾತ್ರಕ್ಕೆ ಲೆಕ್ಕ ಸತ್ಯವಾಗುವುದಿಲ್ಲ ಎಂದು ತರಗತಿಯಲ್ಲಿ ಕೇಳಿದ್ದೆವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

35% ಎಂಬ ಸಂಖ್ಯೆ ನೋಡಿ ಮೊದಲು ನಾನು ನಂಬಲಿಲ್ಲ. ನೂರಕ್ಕೆ 35 ಕೊಟ್ಟು ಯಾರಾದರೂ ವ್ಯಾಪಾರ ಮಾಡುತ್ತಾರೆಯೇ? ಅಬ್ಬಾ ಬನಶಂಕರಿ ಜಾತ್ರೆಯಲ್ಲಿ ಬಳೆ ಅಂಗಡಿ ಹಾಕುತ್ತಾರೆ. ಒಂದು ಡಜನ್ನಿಗೆ 15 ರೂಪಾಯಿ ಉಳಿದರೆ ಅದೇ ಹೆಚ್ಚು. ಆಮೇಲೆ ನಮ್ಮ ಪಾಠದ ಸ್ಥಿರ ವೆಚ್ಚ, ಬದಲಾಗುವ ವೆಚ್ಚದ ಲೆಕ್ಕವನ್ನು ಹಾಕಿ ನೋಡಿದೆ. ಕೆಳಗಿನ ಅಂಕಿಗಳು ನಾನು ಊಹಿಸಿಕೊಂಡವು, ಲೆಕ್ಕ ತಿಳಿಯಲು ಮಾತ್ರ.

ಎಂಆರ್‌ಐ ಯಂತ್ರಕ್ಕೆ ಕೋಟಿಗಟ್ಟಲೆ ಬೆಲೆ. ಸಾಲದ ಕಂತು, ಬಾಡಿಗೆ, ಸಂಬಳ ಸೇರಿ ತಿಂಗಳಿಗೆ 6,00,000 ಸ್ಥಿರ ವೆಚ್ಚ ಎಂದುಕೊಳ್ಳಿ. ಒಬ್ಬ ರೋಗಿ ಬರಲಿ, ಇನ್ನೂರು ಜನ ಬರಲಿ, ಇದು ತಪ್ಪದು. ಒಂದು ಸ್ಕ್ಯಾನಿಗೆ ಹೆಚ್ಚುವರಿಯಾಗಿ ಬೀಳುವ ಖರ್ಚು 500. ದರ 6,500. ಅಂದರೆ ಪ್ರತಿ ಸ್ಕ್ಯಾನಿನಿಂದ 6,000 ಉಳಿಯುತ್ತದೆ; ತಿಂಗಳಿಗೆ 100 ಸ್ಕ್ಯಾನ್ ಆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಮಿಷನ್ ಕೊಡದ ಮಾಲೀಕನಿಗೆ 40 ಜನ ಮಾತ್ರ ಬಂದರು ಎನ್ನೋಣ. 2,40,000 ಬಂತು, 3,60,000 ನಷ್ಟ. ಈಗ ಅವನು 35%, ಅಂದರೆ 2,275 ರೂಪಾಯಿ ಕೊಡಲು ಒಪ್ಪಿದ. ಪ್ರತಿ ಸ್ಕ್ಯಾನಿಗೆ ಉಳಿಯುವುದು 3,725ಕ್ಕೆ ಇಳಿಯಿತು. ಆದರೆ 250 ಜನ ಬಂದರು. 9,31,250 ಬಂತು, 3,31,250 ಲಾಭ. ನಷ್ಟದಲ್ಲಿದ್ದವನು ಎದ್ದು ಕುಳಿತ!

"ಹಾಗಾದರೆ ಆ 2,275 ರೂಪಾಯಿಯನ್ನು ರೋಗಿಗೇ ಬಿಟ್ಟು, 4,225ಕ್ಕೆ ಸ್ಕ್ಯಾನ್ ಮಾಡಬಹುದಲ್ಲ? ಉಳಿಯುವುದು ಅಷ್ಟೇ ಅಲ್ಲವೇ?" ಎಂದು ನನ್ನ ಗೆಳೆಯ ಕೇಳಿದ. ಸರಿಯಾದ ಪ್ರಶ್ನೆ. ಬಳೆ ಅಂಗಡಿಯಲ್ಲಿ ಹಾಗೆಯೇ ಆಗುತ್ತದೆ. ಪಕ್ಕದ ಅಂಗಡಿಯವನು ಐದು ರೂಪಾಯಿ ಇಳಿಸಿದರೆ ಅಬ್ಬಾನೂ ಇಳಿಸುತ್ತಾರೆ, ಏಕೆಂದರೆ ಆರಿಸುವವಳೂ ಹಣ ಕೊಡುವವಳೂ ತೊಡುವವಳೂ ಒಬ್ಬಳೇ. ಆಸ್ಪತ್ರೆಯಲ್ಲಿ ಹಣ ಕೊಡುವುದು, ನೋವು ಉಣ್ಣುವುದು ರೋಗಿ, ಆರಿಸುವವರು ಬೇರೆ. ದರ ಇಳಿಸಿದ ಲ್ಯಾಬಿನ ಸುದ್ದಿ ರೋಗಿಗೆ ಮುಟ್ಟುವುದೇ ಇಲ್ಲ, ಚೀಟಿ ಬೇರೆ ಕಡೆಯದು ಇರುತ್ತದೆ. ಆದ್ದರಿಂದ ಇಲ್ಲಿ ಪೈಪೋಟಿ ಹೆಚ್ಚಿದರೆ ದರ ಇಳಿಯುವುದಿಲ್ಲ, ಕಮಿಷನ್ ಏರುತ್ತದೆ. ಪೈಪೋಟಿ ಗ್ರಾಹಕನಿಗೆ ಒಳ್ಳೆಯದು ಎಂದು ನಾವು ಪರೀಕ್ಷೆಯಲ್ಲಿ ಬರೆಯುವ ಉತ್ತರಕ್ಕೆ ಇದೊಂದು ದೊಡ್ಡ ಅಪವಾದ.

ಇನ್ನೊಂದು ಮಾತು. ಕಮಿಷನ್ ಇಲ್ಲದಾಗ 100 ಸ್ಕ್ಯಾನಿಗೆ ಸರಿಹೋಗುತ್ತಿದ್ದ ಲೆಕ್ಕ ಈಗ 162ಕ್ಕೆ ಹೋಗುತ್ತದೆ. ಆ 62 ಜನ ಎಲ್ಲಿಂದ ಬರಬೇಕು? ಸ್ಕ್ಯಾನ್ ಬೇಕಾದವರೇ ಅಷ್ಟು ಜನ ಇಲ್ಲದಿದ್ದರೆ? ಹಣಕ್ಕಿಂತ ಇದೇ ನನಗೆ ಹೆಚ್ಚು ಹೆದರಿಕೆಯ ವಿಷಯ.

ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದನ್ನು ನಮ್ಮ ಕಡೆ ಹಿರಿಯರೆಲ್ಲ ನೋಡಿದ್ದಾರೆ. ಬೆಲೆ ಗುಟ್ಟು. ಆದರೆ ನಡುವೆ ದಲಾಲ ನಿಂತಿದ್ದಾನೆ, ಅವನಿಗೆ ದಲಾಲಿ ಇದೆ ಎಂಬುದು ಮಾರುವವನಿಗೂ ಕೊಳ್ಳುವವನಿಗೂ ಗೊತ್ತು. ಆಸ್ಪತ್ರೆಯಲ್ಲಿ ಟವೆಲ್ಲೂ ಕಾಣುವುದಿಲ್ಲ.

ಇನ್ನು ಔಷಧ ಕಂಪನಿಗಳ ವಿಷಯ. ಇಲ್ಲಿ ನಗದಿಗಿಂತ ಉಡುಗೊರೆ, ಪ್ರವಾಸ, ಸಮ್ಮೇಳನದ ಶುಲ್ಕ ಹೆಚ್ಚು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳಲ್ಲಿ ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದು ಮೊದಲಿನಿಂದಲೂ ನಿಷಿದ್ಧ (ನಿಯಮ 6.4). 2009ರ ಡಿಸೆಂಬರಿನಲ್ಲಿ 6.8 ಸೇರಿಸಿ ಕಂಪನಿಗಳಿಂದ ಉಡುಗೊರೆ, ಪ್ರಯಾಣ, ಆತಿಥ್ಯ, ನಗದು ಪಡೆಯುವುದನ್ನೂ ತಡೆದರು. 2016ರಲ್ಲಿ ಶಿಕ್ಷೆಯ ಪಟ್ಟಿಯೂ ಬಂತು: ಉಡುಗೊರೆ 5,000 ರೂಪಾಯಿಯೊಳಗಿದ್ದರೆ ಛೀಮಾರಿ, 1 ಲಕ್ಷ ಮೀರಿದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ನೋಂದಣಿ ರದ್ದು. ಆದರೆ ನಿಯಮ ಕಟ್ಟಿಹಾಕಿದ್ದು ಪಡೆಯುವವರನ್ನು ಮಾತ್ರ. ಕೊಡುವವರು ಕೇಳಿದರು: ನಮಗೇನು?

ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ತೆರಿಗೆ ಲೆಕ್ಕದ ಮೂಲಕ. ಜಿಂಕೋವಿಟ್ ತಯಾರಿಸುವ ಅಪೆಕ್ಸ್ ಲ್ಯಾಬೊರೇಟರೀಸ್ 2010-11ರ ತೆರಿಗೆ ವರ್ಷಕ್ಕೆ 4,72,91,159 ರೂಪಾಯಿಯನ್ನು ವ್ಯಾಪಾರದ ಖರ್ಚು ಎಂದು ಕಳೆಯಲು ಕೇಳಿತ್ತು. ಅದರಲ್ಲಿ ವೈದ್ಯರಿಗೆ ಕೊಟ್ಟ ಚಿನ್ನದ ನಾಣ್ಯ, ಟಿ.ವಿ., ಫ್ರಿಜ್, ಲ್ಯಾಪ್‌ಟಾಪ್‌ಗಳೂ ಇದ್ದವು. ಇದನ್ನು ಹೀಗೆ ನೋಡಿ: ಕಂಪನಿ 100 ರೂಪಾಯಿಯ ಉಡುಗೊರೆ ಕೊಟ್ಟು ಅದನ್ನು ಖರ್ಚು ಎಂದು ಕಳೆದರೆ, 30% ತೆರಿಗೆ ಇದ್ದಾಗ ಅದಕ್ಕೆ 30 ರೂಪಾಯಿ ತೆರಿಗೆ ಉಳಿಯುತ್ತದೆ. ಅಂದರೆ ಉಡುಗೊರೆಯ ಮೂವತ್ತು ಪೈಸೆ ಪಾಲು ಸರ್ಕಾರದ್ದು, ನಮ್ಮೆಲ್ಲರದ್ದು. 2022ರ ಫೆಬ್ರವರಿ 22ರಂದು ನ್ಯಾಯಮೂರ್ತಿ ಯು.ಯು. ಲಲಿತ್ ಮತ್ತು ಎಸ್. ರವೀಂದ್ರ ಭಟ್ ಅವರ ಪೀಠ ಇದನ್ನು ಒಪ್ಪಲಿಲ್ಲ. ಪಡೆಯುವುದು ನಿಷಿದ್ಧವಾದರೆ ಕೊಡುವುದೂ ಅದರ ಇನ್ನೊಂದು ಮುಖ. ಆದಾಯ ತೆರಿಗೆ ಕಾಯ್ದೆಯ 37(1)ರ ಕೆಳಗೆ ಅದನ್ನು ಕಳೆಯಲು ಆಗದು ಎಂಬುದು ತೀರ್ಪಿನ ಸಾರ. ಅದೇ ವರ್ಷ ಜುಲೈ 1ರಿಂದ 194ಆರ್ ಕಲಂ ಜಾರಿಗೆ ಬಂತು. ವ್ಯವಹಾರ ಅಥವಾ ವೃತ್ತಿಯ ಸಂಬಂಧದಲ್ಲಿ ವರ್ಷಕ್ಕೆ 20,000 ಮೀರಿದ ಸವಲತ್ತು ಕೊಟ್ಟರೆ 10% ತೆರಿಗೆ ಮುರಿದು ಕಟ್ಟಬೇಕು. ಆಗ ಪಡೆದವರ ಪ್ಯಾನ್ ಸಂಖ್ಯೆಯ ಕೆಳಗೆ ಅದು ದಾಖಲಾಗುತ್ತದೆ.

ಆ ಜುಲೈ ತಿಂಗಳಲ್ಲೇ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪನಿಯ ಮೇಲೆ ದಾಳಿ ನಡೆಯಿತು. ಕೋವಿಡ್ ಕಾಲದಲ್ಲಿ ಪ್ರತಿ ಮನೆಯಲ್ಲೂ ಇದ್ದ ಡೋಲೋ-650 ಇವರದೇ. ಆಮೇಲೆ "ಡೋಲೋ ಬರೆಯಲು ವೈದ್ಯರಿಗೆ 1,000 ಕೋಟಿ ಕೊಟ್ಟರು" ಎಂಬ ಮಾತು ಎಲ್ಲರ ಮೊಬೈಲಿಗೂ ಬಂತು. ನಾನೂ ಇದನ್ನು ಹಾಗೆಯೇ ಬರೆಯುವವನಿದ್ದೆ. ಆದರೆ ಕೇಂದ್ರ ನೇರ ತೆರಿಗೆ ಮಂಡಳಿಯ ಹೇಳಿಕೆಯಲ್ಲಿ ಕಂಪನಿಯ ಹೆಸರೂ ಇರಲಿಲ್ಲ, ಮಾತ್ರೆಯ ಹೆಸರೂ ಇರಲಿಲ್ಲ. ಪತ್ತೆಯಾದ ಉಚಿತ ಕೊಡುಗೆಗಳ ಒಟ್ಟು ಅಂದಾಜು ಸುಮಾರು 1,000 ಕೋಟಿ ಎಂದಿತ್ತು. ಕೋವಿಡ್ ವರ್ಷದ ಡೋಲೋ ಮಾರಾಟವೇ 350 ಕೋಟಿ, ಅದಕ್ಕೆ 1,000 ಕೋಟಿ ಹೇಗೆ ಖರ್ಚು ಮಾಡುವುದು ಎಂದು ಕಂಪನಿ ಕೇಳಿತು. ಆರೋಪವನ್ನು ನಾನು ತಳ್ಳಿಹಾಕುತ್ತಿಲ್ಲ, ಕಂಪನಿಯ ವಕಾಲತ್ತೂ ವಹಿಸುತ್ತಿಲ್ಲ. ಒಂದು ಅಂಕಿ ಯಾವ ಅವಧಿಯದು, ಯಾವ ಖಾತೆಯದು ಎಂದು ನೋಡದೆ ಬಳಸಿದರೆ ಸರಿಯಾದ ಪ್ರಶ್ನೆಯೂ ದುರ್ಬಲವಾಗುತ್ತದೆ.

ಇನ್ನೊಂದು ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. ಈ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ರೋಗಿಗಳ ಸಂಘದವರಲ್ಲ, ಔಷಧ ಮಾರಾಟ ಪ್ರತಿನಿಧಿಗಳ ಒಕ್ಕೂಟದವರು. ಟೈ ಕಟ್ಟಿಕೊಂಡು, ಕಪ್ಪು ಬ್ಯಾಗ್ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ಕಾಯುವವರು. ನಮ್ಮ ಸಂಬಂಧಿಕರಲ್ಲಿ ಒಬ್ಬ ಭಾಯಿ ಈ ಕೆಲಸದಲ್ಲಿದ್ದಾರೆ. "ಟಾರ್ಗೆಟ್ ಮುಟ್ಟದಿದ್ದರೆ ನಮಗೇ ಬೈಗುಳ. ಕೊಡುವುದು ಕಂಪನಿ, ತಗೊಳ್ಳುವುದು ಡಾಕ್ಟರು, ನಡುವೆ ತಲೆ ತಗ್ಗಿಸುವವರು ನಾವು" ಎಂದರು. ಏನನ್ನೂ ಮುಟ್ಟದ ವೈದ್ಯರೂ ತಮಗೆ ಗೊತ್ತು, ಅವರ ಬಳಿ ಹೋಗಲು ಭಯ ಮತ್ತು ಗೌರವ ಎರಡೂ ಆಗುತ್ತದೆ ಎಂದೂ ಹೇಳಿದರು.

ಉಡುಗೊರೆ ಯಾವುದು, ಲಂಚ ಯಾವುದು? ಪೆನ್ನು, ಕ್ಯಾಲೆಂಡರ್ ಕೊಟ್ಟರೆ ತಪ್ಪೇ? 2024ರ ಮಾರ್ಚ್ 12ರಂದು ಕೇಂದ್ರದ ಔಷಧ ಇಲಾಖೆ ಪ್ರಕಟಿಸಿದ ಏಕರೂಪ ಸಂಹಿತೆ ಇದಕ್ಕೆ ಗೆರೆ ಎಳೆದಿದೆ: ಕಂಪನಿಯ ನೆನಪಿಗೆ ಕೊಡುವ ವಸ್ತು 1,000 ರೂಪಾಯಿ ಮೀರಬಾರದು, ಸ್ಯಾಂಪಲ್‌ಗಳಿಗೂ ಮಿತಿ ಇದೆ. ಆದರೆ ದೂರು ವಿಚಾರಿಸುವುದು ಕಂಪನಿಗಳ ಸಂಘಗಳೇ ರಚಿಸಿದ ಸಮಿತಿ. ನಮ್ಮಲ್ಲಿ ಕೆಲವರಿಗೆ ಸಹೀಹ್ ಬುಖಾರಿಯ ಒಂದು ಪ್ರಸಂಗ ನೆನಪಿರಬಹುದು. ಝಕಾತ್ ವಸೂಲಿಗೆ ಹೋದವನೊಬ್ಬ ಬಂದು, ಇದು ನಿಮಗೆ, ಇದು ನನಗೆ ಸಿಕ್ಕ ಉಡುಗೊರೆ ಎಂದಾಗ, ಅವನು ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿ(ಸ) ಕೇಳಿದರು. 1,000 ರೂಪಾಯಿಯ ಗೆರೆಗಿಂತ ಈ ಅಳತೆ ಗಟ್ಟಿ ಎಂದು ನನಗನಿಸುತ್ತದೆ. ಪ್ರಿಸ್ಕ್ರಿಪ್ಷನ್ ಬರೆಯುವ ಕೈ ಅಲ್ಲದಿದ್ದರೆ ಆ ಫ್ರಿಜ್ ಬರುತ್ತಿತ್ತೇ?

ಅಮೆರಿಕದಲ್ಲಿ 2010ರ ಕಾನೂನಿನಂತೆ ಕಂಪನಿಗಳು ಯಾವ ವೈದ್ಯರಿಗೆ ಎಷ್ಟು ಕೊಟ್ಟೆವು ಎಂದು, ಊಟದ ಖರ್ಚನ್ನೂ ಸೇರಿಸಿ, ಸರ್ಕಾರಕ್ಕೆ ತಿಳಿಸಬೇಕು. 2014ರಿಂದ ಅದನ್ನು ಯಾರು ಬೇಕಾದರೂ ವೈದ್ಯರ ಹೆಸರು ಹಾಕಿ ನೋಡಬಹುದು. ಕೊಡುವುದು ಅಲ್ಲೂ ನಿಂತಿಲ್ಲ, ಆದರೆ ಟವೆಲ್ ತೆಗೆದಿದ್ದಾರೆ. ನಮ್ಮಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಿಯಮ ತಂದು, ಮೂರೇ ವಾರದಲ್ಲಿ, 23ರಂದು ತಡೆಹಿಡಿಯಿತು. ಮತ್ತೆ 2002ರ ನಿಯಮವೇ.

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ದರಪಟ್ಟಿ ಜನರಿಗೆ ಸಿಗುವಂತಿರಬೇಕು. ಅದನ್ನು ಕೇಳುವುದು ನಮ್ಮ ಹಕ್ಕು. ಚೀಟಿ ಯಾವ ಸೆಂಟರಿನದೇ ಇರಲಿ, ಪರೀಕ್ಷೆಯನ್ನು ಬೇರೆ ಕಡೆ ಮಾಡಿಸುವುದೂ ನಮ್ಮ ಇಷ್ಟ.

ಮೂರು ತಿಂಗಳ ನಂತರ ದಾದಿಗೆ ಮತ್ತೆ ರಕ್ತ ಪರೀಕ್ಷೆ, ಎಕ್ಸ್‌ರೇ ಬರೆದರು. ಅಬ್ಬಾ ಈ ಸಲ ಮೆಲ್ಲಗೆ, "ಸರ್, ನಮಗ ಅನುಕೂಲ ಆಗೂ ಕಡೆ ಮಾಡಿಸ್ಲೇನ್ರಿ?" ಎಂದು ಕೇಳಿದರು. ವೈದ್ಯರು ತಲೆ ಎತ್ತಿ ನೋಡಿ, "ಮಾಡಿಸ್ರಿ, ಅದಕ್ಕೇನು" ಎಂದರು. ಅಷ್ಟೇ. ಸಿಟ್ಟಾಗುತ್ತಾರೆ ಎಂದು ನಾವು ಹೆದರಿದ್ದು ಸುಳ್ಳಾಯಿತು. ಎಕ್ಸ್‌ರೇ ಸರ್ಕಾರಿ ಆಸ್ಪತ್ರೆಯಲ್ಲಾಯಿತು. ರಕ್ತ ಕೊಡಲು ಹೋದ ಲ್ಯಾಬಿನಲ್ಲಿ ಕಂಪ್ಯೂಟರ್ ಮುಂದಿದ್ದ ಹುಡುಗಿ ಕೇಳಿದಳು: "ರೆಫರ್ ಮಾಡಿದ ಡಾಕ್ಟರ್ ಹೆಸರು?" ಅಬ್ಬಾ ನನ್ನ ಮುಖ ನೋಡಿದರು. "ಯಾರೂ ಇಲ್ಲ, ನಾವೇ ಬಂದೀವಿ" ಎಂದೆ. ಅವಳು "ಸೆಲ್ಫ್" ಎಂದು ಟೈಪ್ ಮಾಡಿ, ಬಿಲ್ಲಿನಲ್ಲಿ 150 ರೂಪಾಯಿ ಕಡಿಮೆ ಮಾಡಿದಳು. ಅಬ್ಬಾನ ಲೆಕ್ಕದಲ್ಲಿ ಅದು ಹತ್ತು ಡಜನ್ ಬಳೆ.